ಕಾರ್ಯಸೂಚಿಯ ಮೂರನೆಯ ವಿಷಯ

ವಿದ್ಯಾರ್ಥಿಗಳ ಅಭಿಪ್ರಾಯ ಪತ್ರಗಳನ್ನು ಮನೆಗೆ ತರಬಾರದೆಂಬ ನಿಯಮವೇನೂ ಇಲ್ಲ. ನಾನು ಪ್ರತಿ ವರ್ಷ ತರುತ್ತೇನೆ. ಕಾಲೇಜಿನಲ್ಲಿ ಕೂತು ಅರವತ್ತೆರಡು ಹಾಳೆ ಓದಲು ಪುರುಸೊತ್ತು ಸಿಗುವುದಿಲ್ಲ. ಮನೆಯಲ್ಲಾದರೆ ಬೇಳೆ ಬೇಯುವಷ್ಟರಲ್ಲಿ ಹತ್ತು, ಬಟ್ಟೆಯ ಮೆಷಿನ್ ತಿರುಗಿ ನಿಲ್ಲುವಷ್ಟರಲ್ಲಿ ಇಪ್ಪತ್ತು ಮುಗಿಯುತ್ತವೆ. ಹಾಳೆಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಹುಡುಗರು ಹೆದರದೆ ಬರೆಯಲಿ ಎಂದು.

ಆದರೆ ಮಗಳ ಅಕ್ಷರ ತಾಯಿಗೆ ಗೊತ್ತಾಗದೆ ಇರುತ್ತದೆಯೇ? ಶ್ರೀಗೌರಿ ಒತ್ತಕ್ಷರಗಳನ್ನು ಕೆಳಗಿನ ಗೆರೆ ದಾಟುವಷ್ಟು ಉದ್ದ ಎಳೆಯುತ್ತಾಳೆ. ಒಂದನೆಯ ತರಗತಿಯಲ್ಲಿ ಅದಕ್ಕಾಗಿ ಬೈಸಿಕೊಂಡಿದ್ದಳು. ಬೈದವಳು ನಾನೇ.

ಅವಳು ಸಾಗರದ ನಮ್ಮ ಕಾಲೇಜಿನಲ್ಲೇ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಳು. ನಾನು ಅಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ. ತರಗತಿಯಲ್ಲಿ ಅವಳು ನನ್ನನ್ನು ಎಲ್ಲರಂತೆ ಮೇಡಂ ಎನ್ನುತ್ತಿದ್ದಳು. ಮನೆಯಲ್ಲಿ ಅಮ್ಮ ಎನ್ನುವುದೂ ಈಚೆಗೆ ಊಟಕ್ಕೆ ಕರೆದಾಗ ಮಾತ್ರ ಎಂಬಂತಾಗಿತ್ತು.

ಆ ಹಾಳೆಯಲ್ಲಿ ನಾಲ್ಕನೆಯ ಪ್ರಶ್ನೆ, ನಿಮಗೆ ಹೆಚ್ಚು ಉಪಯೋಗವಾದ ಪಾಠ ಯಾವುದು ಎಂದು. ಉತ್ತರ ಹೀಗಿತ್ತು: "ಜಿನಶ್ರೀ ಮಿಸ್ ಕಾಡಿನ ಸೊಪ್ಪು, ಗೆಡ್ಡೆಗಳ ಬಗ್ಗೆ ಹೇಳಿದ್ದು. ಸಿಲೆಬಸ್‌ನಲ್ಲಿ ಇರಲಿಲ್ಲ, ಆದರೂ ಹೇಳಿದರು." ಐದನೆಯದು, ಯಾವ ಪತ್ರಿಕೆ ಬದಲಾಗಬೇಕು, ಏಕೆ ಎಂದು. "ಆರ್ಥಿಕ ಸಸ್ಯಶಾಸ್ತ್ರ. ಮೇಡಂಗೆ ಎಲ್ಲ ಗೊತ್ತಿದೆ. ಆದರೆ ಅವರಿಗೇ ಆ ಪಾಠ ಸಾಕಾಗಿದೆ ಅನ್ನಿಸುತ್ತದೆ."

ಆರ್ಥಿಕ ಸಸ್ಯಶಾಸ್ತ್ರ ನನ್ನ ಪತ್ರಿಕೆ. ಹನ್ನೊಂದು ವರ್ಷದ ಹಿಂದೆ ನಾನೇ ರೂಪಿಸಿ, ಹನ್ನೊಂದು ವರ್ಷದಿಂದ ನಾನೇ ಕಲಿಸುತ್ತಿದ್ದೆ. ಹತ್ತಿ, ಸೆಣಬು, ಕಾಫಿ, ರಬ್ಬರು.

ಕುಕ್ಕರ್ ನಾಲ್ಕನೆಯ ಸಲ ಕೂಗಿತು. ಎರಡು ಸಾಕಾಗಿತ್ತು. ಎದ್ದು ಆರಿಸಿದೆ.

"ಅಮ್ಮ, ಎಂತ ಓದ್ತಾ ಇದ್ದೆ?" ಶ್ರೀಗೌರಿ ಬಾಗಿಲಲ್ಲಿ ನಿಂತಿದ್ದಳು.

"ಎಂತೂ ಇಲ್ಲೆ. ಕೈ ತೊಳ್ಕೊಂಡು ಬಾ, ಬಡಿಸ್ತಿ."

ಅವಳು ತಟ್ಟೆಯ ಮುಂದೆ ಕೂತು ಫೋನಿನಲ್ಲಿ ಯಾವುದೋ ಎಲೆಯ ಚಿತ್ರ ದೊಡ್ಡದು ಮಾಡಿ ನೋಡತೊಡಗಿದಳು. ಯಾವ ಗಿಡದ್ದೆಂದು ನನಗೆ ತೋರಿಸಲಿಲ್ಲ. ಅದನ್ನು ಯಾರಿಗೆ ಕಳಿಸುತ್ತಿದ್ದಾಳೆಂದು ನಾನು ಕೇಳಲೂ ಇಲ್ಲ. ಗೊತ್ತಿತ್ತು.

ಜಿನಶ್ರೀ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. ಹೊಸನಗರದವಳು. ಐದು ವರ್ಷದಿಂದ ಬೆಳಿಗ್ಗೆಯ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಹೋಗುತ್ತಾಳೆ. ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಜೈನರ ಮನೆಯವಳು, ನೆಲದೊಳಗೆ ಬೆಳೆಯುವ ಯಾವುದನ್ನೂ ತಿನ್ನುವುದಿಲ್ಲ. ಆದರೆ ಎಲೆ ನೋಡಿ ಮಣ್ಣಿನೊಳಗಿನ ಗೆಡ್ಡೆ ಎಷ್ಟು ದಪ್ಪ, ತುರಿಸುತ್ತದೋ ಇಲ್ಲವೋ ಹೇಳಬಲ್ಲಳು. ಭಾನುವಾರಗಳಲ್ಲಿ ನಾಲ್ಕಾರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಿಟ್ಟೂರಿನ ಕಡೆಯ ಕಾಡಂಚಿಗೆ ಹೋಗುತ್ತಿದ್ದಳು. ಆ ನಾಲ್ಕಾರರಲ್ಲಿ ನನ್ನ ಮಗಳು ಒಂದು ಭಾನುವಾರವೂ ತಪ್ಪಿಸಿದವಳಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಜಿನಶ್ರೀ, "ಶ್ರೀಗೌರಿ ಎಂ.ಎಸ್‌ಸಿ.ಗೆ ಹೋಗೋದೇ ಅಂತ ಗಟ್ಟಿ ಮಾಡಿದ್ದು ಒಳ್ಳೇದಾಯ್ತು ಮೇಡಂ" ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಆ ಕ್ಷಣದವರೆಗೆ ಮಗಳು ಬಿ.ಎಡ್. ಮಾಡುತ್ತಾಳೆಂದೇ ನಾನು ತಿಳಿದಿದ್ದೆ. ಅಂದು ಮನೆಗೆ ಬಂದು ಅವಳಿಗೆ ಇಷ್ಟವಾದ ಕುಡಿ ತಂಬುಳಿ ಮಾಡಿ ಬಡಿಸಿ, ಹೇಳುತ್ತಾಳೇನೋ ಎಂದು ಕಾದೆ. ಎರಡು ಸಲ ಹಾಕಿಸಿಕೊಂಡಳು, ಹೇಳಲಿಲ್ಲ.

ಹೊಟ್ಟೆಕಿಚ್ಚಿಗೆ ನಾನು ಬೇರೆ ಬೇರೆ ಹೆಸರು ಕೊಟ್ಟುಕೊಂಡಿದ್ದೆ. ವಿಭಾಗದ ಶಿಸ್ತು, ಮಗಳ ಸುರಕ್ಷತೆ, ಜಿಗಣೆ, ಕಾಡಿನ ದಾರಿ. ಗಂಡ ಗಣೇಶಮೂರ್ತಿಯವರು ಕಾರ್ಗಲ್‌ನ ಕೆಲಸ ಮುಗಿಸಿ ಬಂದವರು ಒಂದು ಸಂಜೆ ನನ್ನ ಮಾತೆಲ್ಲ ಕೇಳಿ, "ಆ ಹುಡುಗಿ ಮೇಲೆ ನಿಂಗೆ ಎಂತ ಸಿಟ್ಟು?" ಎಂದು ಕೇಳಿದ್ದರು. ಸಿಟ್ಟೇನಿಲ್ಲ ಎಂದು ನಾನು ಸಿಟ್ಟಿನಿಂದಲೇ ಹೇಳಿದ್ದೆ.

ಆ ವರ್ಷ ಪಠ್ಯಕ್ರಮ ಮತ್ತೆ ಬದಲಾಗುವುದಿತ್ತು. ನಮ್ಮದು ಸ್ವಾಯತ್ತ ಕಾಲೇಜು. ಅಂದರೆ ಏನು ಕಲಿಸಬೇಕೆಂದು ನಾವೇ ಬರೆದುಕೊಳ್ಳಬಹುದು, ಆದರೆ ಮನಸ್ಸಿಗೆ ಬಂದಂತೆ ಅಲ್ಲ. ಮೊದಲು ವಿಭಾಗದಲ್ಲಿ ಕರಡು ಆಗಬೇಕು. ಅದು ಅಧ್ಯಯನ ಮಂಡಳಿಗೆ ಹೋಗಬೇಕು, ಅಲ್ಲಿ ಹೊರಗಿನ ಕಾಲೇಜುಗಳ ತಜ್ಞರು, ಕಸುಬಿನ ಕಡೆಯವರೊಬ್ಬರು ಇರುತ್ತಾರೆ. ಅವರು ಒಪ್ಪಿದ ಮೇಲೆ ಅಕಾಡೆಮಿಕ್ ಕೌನ್ಸಿಲ್. ಅಲ್ಲಿ ಒಪ್ಪಿಗೆ ಸಿಕ್ಕರೆ ಮಾತ್ರ ಜುಲೈಯಲ್ಲಿ ತರಗತಿಗೆ ಬರುತ್ತದೆ. ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಸಸ್ಯಶಾಸ್ತ್ರದ ಅಧ್ಯಯನ ಮಂಡಳಿಗೆ ನಾನೇ ಅಧ್ಯಕ್ಷೆ.

ಹೊಸ ಪದ್ಧತಿಯಲ್ಲಿ ನಮ್ಮ ವಿಭಾಗದ ಒಂದು ಪತ್ರಿಕೆ ಹೋಗಿತ್ತು, ಅದರೊಡನೆ ಜಿನಶ್ರೀಯ ತರಗತಿಗಳೂ ಹೋಗಿದ್ದವು. ಅತಿಥಿ ಉಪನ್ಯಾಸಕರನ್ನು ಉಳಿಸಿಕೊಳ್ಳುವುದು ವಾರಕ್ಕೆ ಎಷ್ಟು ಗಂಟೆ ಪಾಠವಿದೆ ಎಂಬುದರ ಮೇಲೆ. ಅವಳು ತಯಾರಿಸಿದ 'ಮಲೆನಾಡಿನ ಆಹಾರ ಸಸ್ಯಗಳು' ಎಂಬ ಪಾಠಗಳು ಪಠ್ಯಕ್ರಮಕ್ಕೆ ಸೇರಿದರೆ ಪ್ರಯೋಗ ಮತ್ತು ಕಾಡು ಸುತ್ತುವ ಗಂಟೆಗಳು ಅವಳಿಗೆ ಬರುತ್ತವೆ, ಅವಳು ಉಳಿಯುತ್ತಾಳೆ. ಸೇರದಿದ್ದರೆ ಜೂನ್ ಕೊನೆಗೆ ಅವಳ ಕೆಲಸ ಮುಗಿಯಿತು. ಇದು ಇಡೀ ಕಾಲೇಜಿಗೆ ಗೊತ್ತಿದ್ದ ವಿಷಯ.

ಮೇ ತಿಂಗಳ ಮೊದಲ ವಾರ, ವಿಭಾಗದ ಟೈಪಿಸ್ಟ್ ಕಿರಣ್ ಸಭೆಯ ಕಾರ್ಯಸೂಚಿಯ ಕರಡು ತಂದು ಮೇಜಿನ ಮೇಲಿಟ್ಟ.

"ಜಿನಶ್ರೀ ಮೇಡಂ ಬರ್ದು ಕೊಟ್ಟಿದ್ದು, ನಾನು ಹೊಡ್ದಿದ್ದು ಅಷ್ಟೇ ಮೇಡಂ. ನೋಡಿ ಸಹಿ ಹಾಕಿದ್ರೆ ಇವತ್ತೇ ಎಲ್ಲರಿಗೂ ಕಳಿಸ್ತೀನಿ."

ಓದಿದೆ. ಮೂರನೆಯ ವಿಷಯ ಹೀಗಿತ್ತು: 'ಐದನೆಯ ಸೆಮಿಸ್ಟರಿನ ಐಚ್ಛಿಕ ಪತ್ರಿಕೆ ಆರ್ಥಿಕ ಸಸ್ಯಶಾಸ್ತ್ರದ ಪರಿಷ್ಕರಣೆ.' ಅದರ ಕೆಳಗೆ ಐದು ಘಟಕಗಳು. ಮೊದಲನೆಯದು ನನ್ನದೇ, ಬದಲಾಗದೆ ಹಾಗೇ ಇತ್ತು. ಉಳಿದ ನಾಲ್ಕೂ ಅವಳವು. ಕಾಡು ಸೊಪ್ಪು, ಗೆಡ್ಡೆ ಗೆಣಸು, ಹುಳಿ ಹಣ್ಣುಗಳು, ಊರೂರಿನ ಅಡುಗೆಯ ದಾಖಲೆ. ಪತ್ರಿಕೆಯ ಹೊಣೆ: ಡಾ. ಮನೋರಮಾ, ಅಂದರೆ ನಾನು. ಪ್ರಯೋಗ ಮತ್ತು ಕ್ಷೇತ್ರಕಾರ್ಯ: ಜಿನಶ್ರೀ.

ಮೊದಲು ನನಗೆ ಬಂದದ್ದು ಉರಿ. ಮಗಳಾಯಿತು, ಈಗ ನನ್ನ ಪತ್ರಿಕೆಯ ಒಳಗೇ ಬಂದು ಸಂಸಾರ ಹೂಡುತ್ತಿದ್ದಾಳೆ ಎಂದುಕೊಂಡೆ. ಬೇರೆಯದಾಗಿ, ಹೊಸ ಪತ್ರಿಕೆ ಎಂದು ಎದುರಿಗೆ ತಂದು ಇಡಬಹುದಿತ್ತಲ್ಲ?

ಹಾಗೆ ಯೋಚಿಸಿದ ಮರುಕ್ಷಣವೇ ತಪ್ಪು ಕಣ್ಣಿಗೆ ಬಿತ್ತು. ನಮ್ಮ ಕಾಲೇಜಿನ ನಿಯಮದಲ್ಲಿ ಒಂದು ಪತ್ರಿಕೆಯ ಐದನೆಯ ಒಂದು ಭಾಗದವರೆಗೆ ಬದಲಾದರೆ ಮಾತ್ರ ಅದು ಪರಿಷ್ಕರಣೆ. ಅದಕ್ಕಿಂತ ಹೆಚ್ಚಾದರೆ ಹೊಸ ಪತ್ರಿಕೆಯೆಂದೇ ಲೆಕ್ಕ. ಹೊಸದಕ್ಕೆ ಬೇರೆ ನಮೂನೆ, ಯಾಕೆ ಬೇಕೆಂಬ ವಿವರಣೆ, ಹೊರಗಿನ ತಜ್ಞರ ಪತ್ರ, ಮತ್ತು ಅದು ಬರುವುದಕ್ಕಾಗಿ ಯಾವ ಹಳೆಯ ಪತ್ರಿಕೆ ಹೋಗುತ್ತದೆಂಬ ಮಾತು, ಇಷ್ಟೂ ಬೇಕು. ಇಲ್ಲಿ ಐದರಲ್ಲಿ ನಾಲ್ಕು ಭಾಗ ಬದಲಾಗಿತ್ತು. ಪರಿಷ್ಕರಣೆಯೆಂದು ಹೋದರೆ ಕೌನ್ಸಿಲ್ ಇದನ್ನು ಚರ್ಚೆಗೂ ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸುತ್ತದೆ. ಹಿಂದಿನ ವರ್ಷ ರಸಾಯನಶಾಸ್ತ್ರದವರದ್ದು ಹಾಗೇ ವಾಪಸು ಬಂದಿತ್ತು. ಆದರೆ ಅದು ವಿಭಾಗದ ಮುಖ್ಯಸ್ಥರಿಗಷ್ಟೇ ತಿಳಿದ ಸುದ್ದಿ, ಅತಿಥಿ ಉಪನ್ಯಾಸಕರನ್ನು ಆ ಸಭೆಗಳಿಗೆ ಯಾರೂ ಕರೆಯುವುದಿಲ್ಲ.

ಹೇಳಬೇಕಾದವಳು ನಾನು. ಒಂದು ಮಾತು ಸಾಕಿತ್ತು.

"ಸರಿ ಇದ್ಯಾ ಮೇಡಂ?" ಕಿರಣ್ ಕೇಳಿದ.

ಪೆನ್ನು ತೆಗೆದು ಸಹಿ ಹಾಕಿದೆ. ನಾನೇನೂ ಮಾಡಲಿಲ್ಲವಲ್ಲ, ಬರೆದವಳು ಅವಳು, ಹೊಡೆದವನು ಅವನು, ಹಿಂದಕ್ಕೆ ಕಳಿಸುವುದು ಕೌನ್ಸಿಲ್ಲು ಎಂದು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿಕೊಂಡೆ. ತರಕಾರಿ ಅಂಗಡಿಯಲ್ಲಿ ಬೇಕಿಲ್ಲದ ಎರಡು ಸೌತೆಕಾಯಿ ಕೊಂಡೆ.

ಆ ಭಾನುವಾರವೂ ಶ್ರೀಗೌರಿ ಬೆಳಿಗ್ಗೆಯೇ ಹೊರಟಳು.

"ಊಟಕ್ಕಾದ್ರೂ ಮನಿಗೆ ಬತ್ತೆ ಅಲ್ದಾ?"

"ಎಂಗೊ ಇಬ್ರೂ ಬತ್ಯ. ಮಿಸ್‌ಗೆ ಮಧ್ಯಾಹ್ನ ಸಾಗರದಲ್ಲಿ ಕೆಲ್ಸ ಇದ್ದಡ. ನೀರುಳ್ಳಿ ಹಾಕಡ."

ನಮ್ಮ ಮನೆಯಲ್ಲಿ ಹೇಗಿದ್ದರೂ ನೀರುಳ್ಳಿ ಕಡಿಮೆಯೇ. ಆದರೂ ಆ ಮಾತು ಚುಚ್ಚಿತು. ನನಗೆ ಮೊಣಕಾಲು ನೋವೆಂದು ತಿಂಗಳಿನಿಂದ ಹೇಳುತ್ತಿದ್ದೆ, ಮಗಳಿಗೆ ನೆನಪಿರುತ್ತಿರಲಿಲ್ಲ. ಮಿಸ್‌ನ ನೀರುಳ್ಳಿ ನೆನಪಿತ್ತು.

ಒಂದೂವರೆಗೆ ಬಂದರು. ಇಬ್ಬರ ಚಪ್ಪಲಿಗೂ ಕೆಂಪು ಮಣ್ಣು. ಒಳಗೆ ಕಾಲಿಟ್ಟಾಗಿನಿಂದ ನಗು. ತಂಬುಳಿಗೆಂದು ಎಲವರಿಗೆ ಗಿಡದ ಕುಡಿ ಕೀಳುವಾಗ ಯಾರದೋ ಎಮ್ಮೆ ಅಟ್ಟಿಸಿಕೊಂಡು ಬಂತಂತೆ, ಮಿಸ್ ಬೇಲಿ ಹತ್ತಿದರಂತೆ, ಬೇಲಿಯ ಮೇಲೆ ನಿಂತೇ ಆ ಬೇಲಿಯ ಬಳ್ಳಿಯ ಹೆಸರು ಹೇಳಿದರಂತೆ.

"ಹೆದ್ರಿಕೆ ಆದಾಗ ನಂಗೆ ಪಾಠ ಜಾಸ್ತಿ ಬರತ್ತೆ ಮೇಡಂ" ಎಂದಳು ಜಿನಶ್ರೀ.

ಶ್ರೀಗೌರಿ ಅನ್ನ ಬಾಯಲ್ಲಿಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು. ಈ ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು! ನಾನು ಮಜ್ಜಿಗೆ ಬಡಿಸುತ್ತ ನಿಂತಿದ್ದೆ. ನನ್ನ ಮನೆ, ನನ್ನ ಅಡುಗೆ, ನನ್ನ ಮಗಳು. ನಗು ಮಾತ್ರ ಬೇರೆಯವರದು.

ಊಟವಾದ ಮೇಲೆ ಜಿನಶ್ರೀ ಬೇಡವೆಂದರೂ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಶ್ರೀಗೌರಿ ಹೊರಗೆ ಎಲೆಗಳನ್ನು ಪೇಪರಿನ ನಡುವೆ ಒತ್ತಿಡುತ್ತಿದ್ದಳು.

"ಮೇಡಂ, ಅಜೆಂಡಾ ಸರಿ ಇದ್ಯಲ್ಲ? ನಾನು ಇದೇ ಮೊದಲು ಬರ್ದಿದ್ದು. ಬೇರೆ ಪತ್ರಿಕೆ ಅಂತ ಹಾಕಕ್ಕೆ ಮನಸ್ಸು ಬರ್ಲಿಲ್ಲ. ನಿನ್ನೆ ಮೊನ್ನೆ ಬಂದವ್ಳು ಮೇಡಂ ಪತ್ರಿಕೆ ತೆಗ್ಸಿ ತನ್ನದು ಹಾಕಿದ್ಲು ಅಂತ ಆಗ್ಬಾರ್ದು. ಅದಕ್ಕೇ ನಿಮ್ಮದರ ಕೆಳಗೇ ಇರ್ಲಿ ಅಂದ್ಕೊಂಡೆ. ಏನಾದ್ರೂ ತಪ್ಪಿದ್ರೆ ಹೇಳಿ. ನಂಗೆ ಬೇರೆ ಒಂದು ಕಡೆ ಉತ್ತರ ಕೊಡೋದಿದೆ."

ಅವಳು ನನ್ನ ಜಾಗ ಕಿತ್ತುಕೊಳ್ಳಲು ಹೀಗೆ ಬರೆದದ್ದಲ್ಲ, ನನಗೆ ಜಾಗ ಬಿಡಲು ಬರೆದದ್ದು. ಆ ಮರ್ಯಾದೆಯೇ ಅವಳ ತಪ್ಪು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹೊರಗಿನಿಂದ ಶ್ರೀಗೌರಿ, "ಮಿಸ್, ಇದು ನೋಡಿ ಬನ್ನಿ!" ಎಂದು ಕೂಗಿದಳು. ಅಮ್ಮಾ ಎಂದು ಕೂಗಬಹುದಿತ್ತು. ನಾನೂ ಅದೇ ಶಾಸ್ತ್ರ ಓದಿದವಳು.

"ಸರಿ ಇದೆ" ಎಂದೆ.

"ಅಬ್ಬ! ನೀವು ನೋಡಿದ್ರೆ ಸಾಕು ಮೇಡಂ."

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಓಡಿದಳು. ಬೇರೆ ಕಡೆಯ ಉತ್ತರವೆಂದರೆ ಏನೆಂದು ನಾನು ಕೇಳಲಿಲ್ಲ.

ಸಭೆ ಮುಂದಿನ ಶನಿವಾರ ಹತ್ತೂವರೆಗೆ. ತೀರ್ಥಹಳ್ಳಿಯಿಂದ ಹೂವಯ್ಯನವರು ಬಂದಿದ್ದರು. ಅಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ನಮ್ಮ ಮಂಡಳಿಗೆ ಹೊರಗಿನ ತಜ್ಞರು. ಕಸುಬಿನ ಕಡೆಯಿಂದ ಹೊಸನಗರದಲ್ಲಿ ಸಸಿ ನರ್ಸರಿ ನಡೆಸುವ ಸುಬ್ಬಯ್ಯ. ವಿಭಾಗದ ನಾವು ಮೂವರು. ಜಿನಶ್ರೀ ಸದಸ್ಯೆಯಲ್ಲ, ಮೂರನೆಯ ವಿಷಯ ವಿವರಿಸಲು ಮಾತ್ರ ಕರೆದಿದ್ದೆವು.

ಅವಳು ಚೆನ್ನಾಗಿ ವಿವರಿಸಿದಳು. ಇನ್ನಷ್ಟು ಕೆಟ್ಟದಾಗಿ ವಿವರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಯಾವ ಸೊಪ್ಪು ಯಾವ ತಿಂಗಳು, ಬೇಯಿಸಿದ ನೀರು ಚೆಲ್ಲಬೇಕಾದದ್ದು ಯಾವುದು, ಯಾಕೆ ಚೆಲ್ಲಬೇಕು, ಅದರಲ್ಲಿ ಇರುವುದೇನು, ಅದನ್ನು ಪ್ರಯೋಗಶಾಲೆಯಲ್ಲಿ ತೋರಿಸುವುದು ಹೇಗೆ.

"ಅಲ್ಲ ಮಾರಾಯ್ತಿ, ನೀವು ಗೆಡ್ಡೆ ತಿನ್ನೋರೇ ಅಲ್ಲ. ನೀವೇ ಗೆಡ್ಡೆ ಪಾಠ ಮಾಡೋದಾ?" ಸುಬ್ಬಯ್ಯ ಕೇಳಿದರು.

"ತಿಂದೋರಿಗೆ ರುಚಿ ಒಂದೇ ನೆನಪಿರೋದು ಸುಬ್ಬಯ್ಯನೋರೆ. ನಾನು ಎಲೆ, ಬಳ್ಳಿ, ಹೂವು ಎಲ್ಲಾ ನೋಡ್ತೀನಿ."

"ಸೋತೆ, ಸೋತೆ" ಎಂದು ಸುಬ್ಬಯ್ಯ ಕೈಯೆತ್ತಿದರು. ಎಲ್ಲರೂ ನಕ್ಕರು. ಹೂವಯ್ಯನವರು ಎರಡು ಪುಸ್ತಕಗಳ ಹೆಸರು ಸೇರಿಸಲು ಹೇಳಿದರು, ಕ್ಷೇತ್ರಕಾರ್ಯಕ್ಕೆ ಅಂಕ ಹೆಚ್ಚಿಸಿದರು. ಹನ್ನೆರಡಕ್ಕೆಲ್ಲ ಮೂರನೆಯ ವಿಷಯ ಮುಗಿದಿತ್ತು. ನಡಾವಳಿಯಲ್ಲಿ 'ಪರಿಷ್ಕರಣೆಯನ್ನು ಅನುಮೋದಿಸಲಾಯಿತು' ಎಂದು ನಾನೇ ಬರೆದೆ. ತಲೆ ತಗ್ಗಿಸಿ ಬರೆಯುವ ಕೆಲಸವಾದ್ದರಿಂದ ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ನಮ್ಮ ವಿಭಾಗದಲ್ಲಿ ಸಭೆಯ ದಿನದ ಊಟ ಹೋಟೆಲಿನಿಂದ ತರಿಸುವುದಿಲ್ಲ, ಒಬ್ಬೊಬ್ಬರ ಮನೆಯಿಂದ ಒಂದೊಂದು ಬರುತ್ತದೆ. ಪ್ರಯೋಗಶಾಲೆಯ ಉದ್ದ ಮೇಜಿನ ಮೇಲೆ ಬಾಳೆಲೆ ಹಾಕಿಕೊಂಡು ಕೂತೆವು. ಜಿನಶ್ರೀ ಒಳ್ಳೆಯ ಸುದ್ದಿ ಹೇಳಲು ಮನೆಗೆ ಫೋನು ಮಾಡುತ್ತೇನೆಂದು ಅಂಗಳಕ್ಕೆ ಹೋಗಿದ್ದಳು.

ಹೂವಯ್ಯನವರು ಸಾರು ಸುರಿಯುತ್ತ, "ನಿಮ್ಮ ಜಿನಶ್ರೀ ನಮಗೆ ಕೈ ಕೊಟ್ರು ಮೇಡಂ" ಎಂದರು.

"ಎಂತ ಸರ್?"

"ನಮ್ಮ ತೀರ್ಥಹಳ್ಳಿ ಶಾಲೆಗೆ ಸೈನ್ಸ್ ಟೀಚರ್ ಬೇಕಿತ್ತು. ನಾನೂ ಅದರ ಕಮಿಟಿಯಲ್ಲಿದ್ದೀನಿ. ಇವ್ರನ್ನೇ ಆರ್ಸಿದ್ವಿ. ಕಾಯಂ ಕೆಲ್ಸ. ಅಲ್ಲೇ ಅವ್ರ ಅಕ್ಕನ ಮನೆ ಬೇರೆ ಇದೆಯಂತೆ. ಈ ವಾರದೊಳಗೆ ಹೇಳಿ ಅಂದಿದ್ವಿ. ಸೋಮವಾರ ಫೋನು ಮಾಡಿ, ಬೇಡ ಸರ್ ಅಂದ್ರು. ಯಾಕಮ್ಮ ಅಂದ್ರೆ, ಮನೋರಮಾ ಮೇಡಂ ಅಜೆಂಡಾ ನೋಡಿ ಸರಿ ಇದೆ ಅಂದಿದ್ದಾರೆ, ಇನ್ನು ನನ್ನ ಪತ್ರಿಕೆ ಬಂದ ಹಾಗೇ, ಇಲ್ಲೇ ಇರ್ತೀನಿ ಅಂತ."

"ಬೇರೆಯವ್ರು ಸಿಕ್ಕಿದ್ರಾ?" ಎಂದು ಕೇಳಿದೆ.

"ಗುರುವಾರವೇ ಇನ್ನೊಬ್ರಿಗೆ ಆರ್ಡರ್ ಕೊಟ್ವಿ. ಶಾಲೆ ಶುರುವಾಗತ್ತಲ್ಲ. ಉಪ್ಪಿನಕಾಯಿ ನಿಮ್ಮ ಮನೇದಾ? ಚೆನ್ನಾಗಿದೆ."

ಕೆಲಸವೊಂದು ಅವಳ ಕೈಗೆ ಬಂದು ಹೋಗಿತ್ತು, ನನ್ನ ಎರಡು ಮಾತಿನಿಂದ. ನನಗೆ ಅವಳನ್ನು ಬೀದಿಯಲ್ಲಿ ನಿಲ್ಲಿಸಬೇಕೆಂದು ಇರಲಿಲ್ಲ. ಅವಳು ನನ್ನ ಮಗಳಿಂದ ಸ್ವಲ್ಪ ದೂರ ಹೋಗಲಿ, ಭಾನುವಾರಗಳು ನನಗೆ ವಾಪಸು ಬರಲಿ, ಅಷ್ಟೇ ಇದ್ದದ್ದು. ಅಷ್ಟಕ್ಕೇ ಇದು.

ಮಧ್ಯಾಹ್ನ ಉಳಿದದ್ದು ಪ್ರಶ್ನೆಪತ್ರಿಕೆಯ ಮಾದರಿ, ಪರೀಕ್ಷಕರ ಪಟ್ಟಿ, ಸಹಿ. ಎಲ್ಲರೂ ಕೂತ ಮೇಲೆ ನಾನು ನಡಾವಳಿಯ ಪುಸ್ತಕ ತೆರೆದು, "ಮೂರನೆಯ ವಿಷಯಕ್ಕೆ ಇನ್ನೊಮ್ಮೆ ಹೋಗಬೇಕು" ಎಂದೆ. "ಜಿನಶ್ರೀಯವರನ್ನೂ ಕರೀರಿ."

ಅವಳು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು. ಕಣ್ಣಲ್ಲಿ ಇನ್ನೂ ಮನೆಯವರೊಡನೆ ಮಾತಾಡಿದ ಖುಷಿ.

"ಇದು ಪರಿಷ್ಕರಣೆ ಅಲ್ಲ ಸರ್. ಐದರಲ್ಲಿ ನಾಲ್ಕು ಭಾಗ ಬದಲಾಗಿದೆ. ಹೀಗೇ ಹೋದ್ರೆ ಕೌನ್ಸಿಲ್‌ನಿಂದ ವಾಪಸ್ ಬರ್ತದೆ. ಈ ವರ್ಷ ಪತ್ರಿಕೆ ಇರೋದಿಲ್ಲ."

ಹೂವಯ್ಯನವರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. "ಹೌದನಾ! ನಮ್ಮ ಕಡೆ ಈ ನಿಯಮ ಬೇರೆ ಥರ. ಒಳ್ಳೇದಾಯ್ತು, ಈಗಲಾದ್ರೂ ಕಣ್ಣಿಗೆ ಬಿತ್ತಲ್ಲ ನಿಮಗೆ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರೇ ನನಗೊಂದು ದಾರಿ ಮಾಡಿಕೊಟ್ಟಿದ್ದರು.

"ಈಗ ಬಿದ್ದದ್ದಲ್ಲ ಸರ್. ಸಹಿ ಹಾಕುವಾಗಲೇ ಗೊತ್ತಿತ್ತು."

ನಾನು ಜಿನಶ್ರೀಯ ಕಡೆ ನೋಡಿದೆ.

"ಭಾನುವಾರ ಕೇಳಿದ್ನಲ್ಲ ಮೇಡಂ" ಎಂದಳು. ಅಷ್ಟೇ. ಜೋರಾಗಿ ಅಲ್ಲ.

"ಕೇಳಿದ್ರಿ."

ಹೊಸ ಪತ್ರಿಕೆಯ ನಮೂನೆ ಎಳೆದುಕೊಂಡೆ. ಹೆಸರು: ಮಲೆನಾಡಿನ ಆಹಾರ ಸಸ್ಯಗಳು. ರೂಪಿಸಿದವರು: ಜಿನಶ್ರೀ. ಹೊಣೆ: ಜಿನಶ್ರೀ. ನನ್ನ ಹಳೆಯ ಘಟಕ ತೆಗೆದು, ಆ ಜಾಗಕ್ಕೆ ಏನು ಹಾಕುತ್ತೀರಿ ಎಂದು ಅವಳನ್ನೇ ಕೇಳಿದೆ. ಬೀಜ ಕಾಪಿಡುವ ಕ್ರಮಗಳು ಎಂದಳು. ಸುಬ್ಬಯ್ಯ, ಅದಕ್ಕೆ ನನ್ನ ನರ್ಸರಿಗೆ ಹುಡುಗರನ್ನು ಕರೆದುಕೊಂಡು ಬನ್ನಿ ಎಂದರು. ಹೂವಯ್ಯನವರು ಅಲ್ಲೇ ಕೂತು ತಜ್ಞರ ಪತ್ರ ಬರೆದುಕೊಟ್ಟರು. ಕಿರಣ್ ನಾಲ್ಕು ಸಲ ಟೈಪು ಮಾಡಿ ನಾಲ್ಕು ಸಲ ತಿದ್ದಿದ.

ಕೊನೆಯ ಸಾಲು ಉಳಿದಿತ್ತು. ಇದರ ಬದಲಿಗೆ ಕೈಬಿಡಲಾಗುವ ಪತ್ರಿಕೆ. ಐದನೆಯ ಸೆಮಿಸ್ಟರಿಗೆ ಐಚ್ಛಿಕ ಪತ್ರಿಕೆ ಒಂದೇ. ಎರಡಕ್ಕೆ ಜಾಗವಿಲ್ಲ.

"ಎರಡನ್ನೂ ಹೇಗಾದ್ರೂ..." ಎಂದು ಹೂವಯ್ಯನವರು ಶುರು ಮಾಡಿದರು.

"ಆಗೋದಿಲ್ಲ ಸರ್" ಎಂದು ಹೇಳಿ, ಆರ್ಥಿಕ ಸಸ್ಯಶಾಸ್ತ್ರ ಎಂದು ಬರೆದೆ. ಅದನ್ನು ರೂಪಿಸಿದಾಗ ಶ್ರೀಗೌರಿಗೆ ಹತ್ತು ವರ್ಷ. ದಡಾರ ಎದ್ದು ಮಲಗಿದ್ದಳು. ಅವಳ ಹಾಸಿಗೆಯ ಪಕ್ಕ ಕೂತು ಒಂದು ಕೈಯಲ್ಲಿ ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತ ಇನ್ನೊಂದು ಕೈಯಲ್ಲಿ ಘಟಕಗಳನ್ನು ಬರೆದಿದ್ದೆ. ಈಗ ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಸಭೆ ಮುಗಿದಾಗ ಐದು ದಾಟಿತ್ತು. ಜಿನಶ್ರೀ ಬಸ್ಸಿಗೆ ಹೊರಟು ನಿಂತಾಗ ನಾನು ಹಿಂದೆಯೇ ಹೋದೆ.

"ತೀರ್ಥಹಳ್ಳಿ ಕೆಲಸದ ವಿಷಯ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ರೆ ಹೇಳ್ತಿದ್ರಾ ಮೇಡಂ?"

"ಗೊತ್ತಿಲ್ಲ" ಎಂದೆ. ಸುಳ್ಳು ಹೇಳುವ ಶಕ್ತಿ ಆ ದಿನಕ್ಕೆ ಮುಗಿದಿತ್ತು.

ಅವಳು ಚೀಲ ಹೆಗಲಿಗೇರಿಸಿಕೊಂಡಳು. "ಕೌನ್ಸಿಲ್‌ನಲ್ಲಿ ನೀವೇ ಮಂಡಿಸ್ಬೇಕು ತಾನೇ? ನಂಗೆ ಅಲ್ಲಿ ಪ್ರವೇಶ ಇಲ್ಲ. ಚೆನ್ನಾಗಿ ಮಂಡಿಸಿ." ಹೋಗಿಬರ್ತೀನಿ ಮೇಡಂ ಎಂದು ದಿನವೂ ಹೇಳುತ್ತಿದ್ದವಳು ಅಂದು ಹೇಳದೆ ಹೋದಳು.

ಜೂನ್ ಎರಡನೆಯ ವಾರ ಕೌನ್ಸಿಲ್ ಸಭೆ. ಇದು ಅಡುಗೆ ಪುಸ್ತಕದ ಥರ ಇದೆಯಲ್ಲ, ಇದನ್ನು ಡಿಗ್ರಿಯಲ್ಲಿ ಕಲಿಸಬೇಕಾ ಎಂದು ಒಬ್ಬರು ಕೇಳಿದರು. ನಾನು ಎದ್ದು ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ಬೇಯಿಸಿದ ನೀರನ್ನು ಚೆಲ್ಲುವುದರ ಹಿಂದಿನ ಶಾಸ್ತ್ರ ಹೇಳಿದೆ. ಹನ್ನೊಂದು ವರ್ಷ ನನ್ನ ಸ್ವಂತ ಪತ್ರಿಕೆಗೂ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಒಂದೊಂದು ವಾಕ್ಯ ಚೆನ್ನಾಗಿ ಬಂದಾಗಲೂ, ಇದೂ ಅವಳ ಲೆಕ್ಕಕ್ಕೇ ಹೋಗುತ್ತದಲ್ಲ ಎಂದು ಒಳಗೆ ಎಲ್ಲೋ ಸಣ್ಣಗೆ ಉರಿಯುತ್ತಿತ್ತು. ಉರಿಯಲಿ ಎಂದು ಬಿಟ್ಟು ಮಾತು ಮುಂದುವರಿಸಿದೆ. ಪತ್ರಿಕೆ ಒಪ್ಪಿಗೆಯಾಯಿತು.

ಹೊರಬಂದ ಕೂಡಲೇ ಜಿನಶ್ರೀಗೆ ಫೋನು ಮಾಡಿದೆ. "ಆಯ್ತಾ ಮೇಡಂ? ಆಯ್ತು ಬಿಡಿ" ಎಂದಳು. ಆ ಕಡೆ ಬಸ್ಸಿನ ಸದ್ದು. "ಒಳ್ಳೆ ಕೆಲ್ಸ ಆಯ್ತು" ಎಂದು ಸೇರಿಸಿದಳು. ಥ್ಯಾಂಕ್ಸ್ ಎನ್ನಲಿಲ್ಲ. ನಾನು ಅದನ್ನು ನಿರೀಕ್ಷಿಸಲೂ ಇಲ್ಲ ಎಂದರೆ ಪೂರ್ತಿ ನಿಜವಲ್ಲ.

ಮನೆಗೆ ಬಂದಾಗ ಶ್ರೀಗೌರಿ ಕುಣಿಯುತ್ತಿದ್ದಳು. ಮಿಸ್ ಮೆಸೇಜು ಕಳಿಸಿದ್ದರು. "ಅಮ್ಮ, ನೀನೇ ಮಾತಾಡಿ ಪಾಸ್ ಮಾಡ್ಸಿದ್ದಡ! ಮಿಸ್ಸೇ ಹೇಳಿದ್ದು!"

ಜಿನಶ್ರೀ ಅವಳಿಗೆ ಅಷ್ಟೇ ಹೇಳಿದ್ದಳು. ಒಂದು ತಿಂಗಳಿನಿಂದ ಎಷ್ಟೋ ಸಲ ಭೇಟಿಯಾಗಿದ್ದರು, ಆ ಭಾನುವಾರದ ವಿಷಯ ಒಂದಕ್ಷರವೂ ಹೇಳಿರಲಿಲ್ಲ. ನನ್ನ ಮಗಳ ಮುಂದೆ ನನ್ನ ಮಾನ ಕಾದವಳು ಅವಳು. ಅದಕ್ಕೂ ನನಗೆ ಹೊಟ್ಟೆಯುರಿಯಿತು. ಇಷ್ಟು ಒಳ್ಳೆಯವಳಾಗುವ ಅಗತ್ಯವೇನಿತ್ತು ಅವಳಿಗೆ? ನಾನು ಸುಮ್ಮನಿದ್ದರೆ ಆ ಹೊತ್ತಿನ ಖುಷಿ ನನ್ನದಾಗಿ ಉಳಿಯುತ್ತಿತ್ತು. ಆದರೆ ಅದು ಜಿನಶ್ರೀ ನನಗೆ ಕೊಟ್ಟ ಖುಷಿ. ಅವಳ ಕೃಪೆಯಿಂದ ನನ್ನ ಮಗಳನ್ನು ವಾಪಸು ಪಡೆಯಲು ಮನಸ್ಸು ಒಪ್ಪಲಿಲ್ಲ.

ಒಗ್ಗರಣೆಗಿಟ್ಟಿದ್ದ ಬಾಣಲೆ ಕೆಳಗಿಳಿಸಿದೆ. "ಇಲ್ಲಿ ಕೂತ್ಕ. ಒಂದು ಮಾತು ಇದ್ದು" ಎಂದೆ. ಎಲ್ಲವನ್ನೂ ಹೇಳಿದೆ. ಸಹಿ, ತಟ್ಟೆ ತೊಳೆಯುವಾಗ ಹೇಳಿದ ಸುಳ್ಳು, ತೀರ್ಥಹಳ್ಳಿಯ ಕೆಲಸ.

ಅವಳ ಮುಖ ಕೆಂಪಾಯಿತು. "ಎಂತಕ್ಕೆ ಹಂಗೆ ಮಾಡ್ದೆ?"

"ಹೊಟ್ಟೆಕಿಚ್ಚು."

"ಮಿಸ್ ಮೇಲಾ? ನೀನು ಡಿಪಾರ್ಟ್‌ಮೆಂಟ್ ಹೆಡ್ಡು! ಅವ್ರು ಗೆಸ್ಟ್ ಲೆಕ್ಚರರು!"

"ನೀನು ಅವ್ಳತ್ರ ಎಲ್ಲಾ ಹೇಳ್ತೆ. ಎಂ.ಎಸ್‌ಸಿ. ವಿಷಯ ಸೈತ. ನನ್ನತ್ರ ಎಂತೂ ಹೇಳ್ತಿಲ್ಲೆ."

"ನಿನ್ನತ್ರ ಹೇಳಕ್ಕೆ ಬಂದ್ರೆ ನೀನು ಒಲೆ ಬದಿಗೆ ತಿರುಗಿ ನಿಂತಿರ್ತೆ! ಹ್ಞೂಂ ಹ್ಞೂಂ ಹೇಳಿ ಹೇಳ್ತೆ. ಮೂರು ಸಲ ಬಂದಿದ್ದಿ ಆನು. ಮೂರು ಸಲ!"

ಯಾವ ಮೂರು ಸಲವೆಂದು ಕೇಳಿದೆ. ಹೇಳಿದಳು. ದಿನ, ಹೊತ್ತು, ನಾನು ಏನು ಹೆಚ್ಚುತ್ತಿದ್ದೆ ಎಂಬುದನ್ನೂ ಸೇರಿಸಿ ಹೇಳಿದಳು. ಆಮೇಲೆ ಪಿ.ಯು.ಸಿ.ಯ ಕಾಲದ್ದು ಬಂತು. ನಾನು ಅವಳ ಗೆಳತಿಯ ಎದುರು ಅಂಕದ ವಿಷಯ ಎತ್ತಿದ್ದು, ಬಯಾಲಜಿಯ ಚಿತ್ರದ ಪುಸ್ತಕ ಹಳೆಪೇಪರಿನವನಿಗೆ ಹಾಕಿದ್ದು. ಅತ್ತಳು, ಮೂಗು ಒರೆಸಿಕೊಂಡು ಮತ್ತೆ ಬೈದಳು. ನಾಳೆ ಬೆಳಿಗ್ಗೆ ಮಿಸ್ ಹತ್ತಿರ ನೀನೇ ಹೋಗಿ, ವಿಭಾಗದಲ್ಲಿ ಎಲ್ಲರೆದುರೂ ತಪ್ಪಾಯಿತು ಅನ್ನಬೇಕು ಎಂದಳು. ಆಗಲಿ ಎಂದೆ.

ಒಂದು ಗಂಟೆಯ ಮೇಲಾಯಿತು. ಗಣೇಶಮೂರ್ತಿಯವರು ಬಾಗಿಲವರೆಗೆ ಬಂದು, ನಮ್ಮಿಬ್ಬರನ್ನು ನೋಡಿ, ಊಟದ ಮಾತೆತ್ತದೆ ಹಿಂದಿರುಗಿದರು. ಶ್ರೀಗೌರಿ ಇನ್ನೂ ಮಾತಾಡುತ್ತಲೇ ಇದ್ದಳು. ನಾನು ಒಲೆಗೆ ಬೆನ್ನು ಹಾಕಿ, ಅವಳ ಕಡೆಗೇ ಮುಖ ಮಾಡಿ ಕೂತಿದ್ದೆ. ನಾಚಿಕೆಯಾಗುತ್ತಿತ್ತು. ಅದರ ನಡುವೆಯೇ, ಇಷ್ಟೊಂದು ಸಿಟ್ಟನ್ನು ಇವಳು ಜಿನಶ್ರೀಗೆ ಯಾವತ್ತೂ ತೋರಿಸಿರಲಿಕ್ಕಿಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಓಡಿಸಲಿಲ್ಲ.

"ಮತ್ತೆ?" ಎಂದೆ. "ಇನ್ನೆಂತ ಇದ್ದು, ಹೇಳು."